ಎರಡು ಕಾಲಿನ ಮುಳ್ಳಕ್ಕ

ಮಂಗಳವಾರ

ರೇಡಿಯೋ ಎಂಬ ಮಹಾತಾಯಿಗೆ,

ಮೊದಲು 'ಪ್ರೀತಿಯ ರೇಡಿಯೋ' ಎಂದೇ ಬರೆದಿದ್ದೆ. ಆಮೇಲೆ 'ಪ್ರೀತಿಯ' ಎಂಬುದನ್ನು ಹೊಡೆದುಹಾಕಿದೆ. ಅದನ್ನು ನೋಡಿ ಇನ್ನಷ್ಟು ಸಿಟ್ಟು ಬಂತು, ಹಾಳೆಯನ್ನೇ ಹರಿದು ಬೇರೆ ತೆಗೆದುಕೊಂಡೆ. ನೀನು ಕ್ಷೇಮವಾಗಿದ್ದೀಯೆಂದು ತಿಳಿಯಿತು. ಕ್ಷೇಮವಾಗಿಲ್ಲದವರು ಅಷ್ಟು ಕಿಸಿಕಿಸಿ ನಗುತ್ತಾ ಪತ್ರ ಬರೆಯುವುದಿಲ್ಲ. ನನ್ನ ಕ್ಷೇಮ ಸಮಾಚಾರ ನಿನಗೆ ಬೇಕಾಗಿಲ್ಲ. ನಿನ್ನ ಪ್ರಕಾರ ನಾನೀಗ ನೀರಿನ ಡ್ರಮ್ಮಿನ ಹಿಂದೆ ಬಸವನಹುಳು ನುಂಗಿಕೊಂಡು ಸುಖವಾಗಿದ್ದೇನಲ್ಲ!

ನಿನ್ನ ಪತ್ರ ನಿನ್ನೆ ಮಧ್ಯಾಹ್ನ ಬಂತು. ತಮ್ಮನ ಹೆಂಡತಿ ತಂದುಕೊಟ್ಟಳು. ಒಂದೂವರೆ ಪುಟ ಊರ ಉಸಾಬರಿ. ನಮ್ಮ ಗಿಡದ ನರ್ಸರಿಯ ಗಾಜಿನ ಮನೆಯ ಚಾವಣಿಯಲ್ಲಿ ಮತ್ತೊಂದು ಗಾಜು ಬಿರಿದಿದೆ, ಯಜಮಾನರ ಕೆಮ್ಮು ಕಡಿಮೆಯಾಗಿಲ್ಲ, ಹೊಸ ಕುಂಡಗಳ ತಳದಲ್ಲಿ ತೂತೇ ಇಲ್ಲ, ಹೀಗೆ. ಓದುತ್ತಾ ನಗುತ್ತಲೂ ಇದ್ದೆ. ಕೊನೆಗೆ, ಪುಟದ ಅಂಚಿಗೆ ಒತ್ತಿಕೊಂಡಂತೆ, ಅದೊಂದು ವಾಕ್ಯ: 'ಅಂದ ಹಾಗೆ ನಮಗೆ ಹೊಸ ನೆಲಗಪ್ಪೆ ಬಂದಿದೆ ಕಣೇ, ದಪ್ಪಗೆ, ಮೈಯೆಲ್ಲ ಗಂಟು, ಹತ್ತಿರ ಹೋದ್ರೆ ಉಬ್ಬಿಕೊಂಡು ಗುರಾಯಿಸುತ್ತೆ, ಎಲ್ಲರೂ ಸೇರಿ ಮುಳ್ಳಕ್ಕ ಅಂತ ಹೆಸರಿಟ್ಟಿದ್ದೀವಿ, ನಿಂಗೆ ನಗು ಬರುತ್ತೆ ಅಂತ ಬರೆದೆ.'

ಬಂತು ನೋಡು ನಗು. ಕಪ್ಪೆಗೆ ನನ್ನ ಹೆಸರು! ಕೈಯಲ್ಲಿದ್ದ ತಟ್ಟೆ ಗೋಡೆಗೆ ಹೋಗಿ ಬಡಿಯಿತು. ತಮ್ಮನ ಹೆಂಡತಿ ಓಡಿಬಂದು, "ಏನಾಯ್ತು ಅಕ್ಕಾ?" ಎಂದಳು. ಹೇಳಿದೆ. ಅವಳು ಚೂರುಗಳನ್ನು ಆರಿಸುತ್ತಾ, "ಅಯ್ಯೋ ಅಷ್ಟೇನಾ? ಪ್ರೀತಿಗೆ ಇಟ್ಟಿರ್ತಾರೆ ಬಿಡಿ. ನಮ್ಮ ಬೆಕ್ಕಿಗೆ ನಮ್ಮಜ್ಜಿ ಹೆಸರೇ ಇತ್ತು" ಎಂದಳು. ಪಾಪ, ಅವಳಿಗೆ ನಮ್ಮ ನರ್ಸರಿಯ ಪದ್ಧತಿ ಗೊತ್ತಿಲ್ಲ. ಅವಳನ್ನು ಎದುರಿಗೆ ಕೂರಿಸಿಕೊಂಡು ಹೇಳಬೇಕಾಯಿತು. ನಿನಗೂ ಒಮ್ಮೆ ಹೇಳುತ್ತೇನೆ, ನಿನಗೆ ಮರೆವು ಜಾಸ್ತಿಯಾದಂತಿದೆ.

ಗೊರಕೆ ತಾತ ಕೆಲಸ ಬಿಟ್ಟು ಮಗಳ ಮನೆಗೆ ಹೋದ ವಾರವೇ ಡ್ರಮ್ಮಿನ ಕೆಳಗಿನ ತೇವದಲ್ಲಿ ಮೊದಲನೆಯ ಕಪ್ಪೆ ಕಾಣಿಸಿಕೊಂಡಿತು. ಅದರ ವಟವಟ ಕೇಳಿ, "ತಾತ ವಾಪಸ್ ಬಂದ್ರು" ಎಂದವಳು ನೀನೇ. ಅದು ಸಸಿಗಳಿಗೆ ಬಸವನಹುಳುವಿನ ಕಾಟವಿಲ್ಲದಂತೆ ನೋಡಿಕೊಂಡಿತು, ಅದರ ಹೆಸರು ಗೊರಕೆ ತಾತ ಎಂದೇ ನಿಂತಿತು. ಕಾವಲುಗಾರ ಬಿಟ್ಟುಹೋದಾಗ ಎರಡನೆಯದಕ್ಕೆ ಕೀಲಿಕೈ. ಲಾರಿ ಓಡಿಸುತ್ತಿದ್ದವನು ಹೋದಾಗ ಮೂರನೆಯದಕ್ಕೆ ಹಾರನ್. ಯಾರು ಕೆಲಸ ಬಿಟ್ಟರೋ ಅವರ ಅಡ್ಡಹೆಸರು ಕಪ್ಪೆಗೆ. ಇನ್ನೂ ಕೆಲಸದಲ್ಲಿ ಇರುವವರ ಹೆಸರನ್ನು ತಮಾಷೆಗೂ ಇಡುವಂತಿಲ್ಲ. ನೆನಪಿದೆಯಾ, ಒಮ್ಮೆ ಚಿಕ್ಕ ಯಜಮಾನ ತನ್ನ ಹೆಸರೇ ಇಡಿ ಎಂದು ಹಲ್ಲು ಕಿರಿದಾಗ ಇಡೀ ಮನೆ ಒಂದೇ ಬಾಯಲ್ಲಿ "ಮೊದಲು ಕೆಲಸ ಬಿಡಿ" ಎಂದಿತ್ತು.

ಈಗ ಹೇಳು, ನಾನು ಯಾವಾಗ ಕೆಲಸ ಬಿಟ್ಟೆ?

ನಾನು ಮಣಿಕಟ್ಟು ಮುರಿದುಕೊಂಡು ರಜೆಯ ಮೇಲಿದ್ದೇನೆ. ರಜೆ! ಯಜಮಾನರಿಗೆ ಹೇಳಿ, ಅವರು ತಲೆಯಾಡಿಸಿ, ವಾಸಿ ಮಾಡ್ಕೊಂಡು ಬನ್ನಿ ಎಂದು ಕಳಿಸಿದ್ದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದೇನೆ. ಆಳು ಹೋಗುವ ಮುಂಚೆ ಕಪ್ಪೆಗೆ ಹೆಸರಿಡುವವರನ್ನು ಈಗಲೇ ಕಂಡದ್ದು.

'ಎಲ್ಲರೂ ಸೇರಿ' ಎಂದು ಬರೆದಿದ್ದೀಯ. ಆ ಮಾತಿಗೇ ನನ್ನ ಮೈ ಉರಿದದ್ದು. ಎಲ್ಲರೂ ಸೇರಿ ಕಪ್ಪೆಗೆ ಹೆಸರಿಡುವ ರೂಢಿ ನಮ್ಮಲ್ಲಿ ಇಲ್ಲವೇ ಇಲ್ಲ. ಟೀ ಹೊತ್ತಿಗೆ ಎಲ್ಲರೂ ಸುತ್ತ ನಿಲ್ಲುತ್ತಾರೆ, ನಿಜ. ಆದರೆ ಹೆಸರು ಹೇಳುವವರು ಒಬ್ಬರೇ. ಹೋದವರಿಗೆ ಯಾರು ಹೆಚ್ಚು ಬೇಕಾದವರೋ ಅವರು. ಗೊರಕೆ ತಾತನ ಹೆಸರಿಗೆ ನೀನು, ಹಾರನ್ನಿಗೆ ಅವನ ಜೊತೆ ಮೂಟೆ ಇಳಿಸುತ್ತಿದ್ದವನು. ಅವರು ಬಾಯಿ ಬಿಡದಿದ್ದರೆ ಕಪ್ಪೆ ಬರೀ ಕಪ್ಪೆಯಾಗಿಯೇ ಇರುತ್ತದೆ. ಇಡೀ ಗಾಜಿನ ಮನೆಯಲ್ಲಿ ನನಗೆ ಹೆಚ್ಚು ಬೇಕಾದವಳು ಯಾರು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಬೇಡ, ನೇರವಾಗಿಯೇ ಹೇಳುತ್ತಿದ್ದೇನೆ. ನೀನೇ ಹೇಳಿದ್ದು. ಮುಳ್ಳಕ್ಕ ಎಂದು ನನಗೆ ಹೆಸರಿಟ್ಟವಳೂ ನೀನೇ. ಗುಲಾಬಿಯ ಮುಳ್ಳಿಗಿಂತ ಇವಳ ನಾಲಿಗೆಯೇ ಚುಚ್ಚುತ್ತೆ ಎಂದು ನಾನು ಸೇರಿದ ಮೊದಲ ದಿನವೇ ಎಲ್ಲರೆದುರು ಹೇಳಿದ್ದೆ. ಕೊಟ್ಟವಳೇ ಕಿತ್ತುಕೊಂಡೆ.

ಲೋಟದ ವಿಷಯ ನೀನು ಬರೆದಿಲ್ಲ. ಬರೆಯಲು ಮುಖವಿಲ್ಲ, ಅಲ್ಲವಾ? ಹೆಸರಿಟ್ಟ ಮೇಲೆ ಹೋದವರ ಟೀ ಲೋಟವನ್ನು ಗೋಡೆಯಲ್ಲಿನ ಅವರ ಮೊಳೆಯಿಂದ ತೆಗೆದು, ಜರೀಗಿಡದ ನೆರಳಿನಲ್ಲಿ ಮಗ್ಗುಲಾಗಿ ಮಲಗಿಸಿ, ಕಪ್ಪೆಗೆ ಮನೆ ಮಾಡಿಕೊಡುತ್ತೇವೆ. ಹಾಗಾದರೆ ನನ್ನ ನೀಲಿ ಲೋಟ ಈಗ ಅಲ್ಲಿದೆ. ಹಿಡಿಯ ಹತ್ತಿರ ಸಣ್ಣಗೆ ಚಕ್ಕೆ ಎದ್ದಿರುವ ಲೋಟ. ನೀನೇ ಕೆಡವಿ, ನೀನೇ ಅತ್ತು, ಹೊಸದು ತಂದುಕೊಡುತ್ತೇನೆಂದು ಆಣೆ ಮಾಡಿ, ತಂದುಕೊಡದ ಲೋಟ. ಅದರೊಳಗೆ ಒಂದು ಕಪ್ಪೆ ಹಿಂಗಾಲು ಚಾಚಿಕೊಂಡು ಮಲಗಿದೆಯೆಂದು ನೆನೆದರೆ ಇಲ್ಲಿ ಕೈಗೆ ಕೊಟ್ಟ ಟೀಯನ್ನು ಹಾಗೇ ತಿರುಗಿ ಕೊಟ್ಟುಬಿಡುತ್ತೇನೆ. ಕಪ್ಪೆಯ ಮೇಲೆ ನನಗೇನೂ ಕೋಪವಿಲ್ಲ. ಅದಕ್ಕೆ ಸಿಕ್ಕ ಜಾಗದಲ್ಲಿ ಅದು ಕೂತಿದೆ.

ಈಗ ಆ ದಿನದ ಮಾತಿಗೆ ಬರುತ್ತೇನೆ. ಎಂದೂ ಬರಬಾರದು ಎಂದುಕೊಂಡಿದ್ದೆ, ನೀನೇ ಎಳೆದುತಂದೆ.

ನಾನು ಬಿದ್ದದ್ದು ಹೇಗೆ? ಯಜಮಾನರು ಕೇಳಿದಾಗ ಚಪ್ಪಲಿ ಜಾರಿತು ಎಂದೆ. ಆಸ್ಪತ್ರೆಯಲ್ಲೂ ಅದನ್ನೇ ಹೇಳಿದೆ, ತಮ್ಮನಿಗೂ ಅದನ್ನೇ. ಆ ಚಪ್ಪಲಿ ಬಡಪಾಯಿ ಬೈಸಿಕೊಂಡಿತು, ತಮ್ಮ ಅದನ್ನು ತಿಪ್ಪೆಗೆ ಎಸೆದ. ಆದರೆ ನೀರು ಹಾಯಿಸಿದ ಮೇಲೆ ಪೈಪನ್ನು ಸುತ್ತಿ ಗೂಟಕ್ಕೆ ಹಾಕದೆ, ದಾರಿಗೆ ಅಡ್ಡ ಬಿಟ್ಟು, ಬಾಗಿಲಲ್ಲಿ ಯಾರ ಜೊತೆಗೋ ಹರಟೆಗೆ ನಿಂತವಳು ಯಾರೆಂದು ನಿನಗೂ ಗೊತ್ತು, ನನಗೂ ಗೊತ್ತು. ಎರಡು ಕೈಯಲ್ಲೂ ಕಸಿ ಗಿಡಗಳ ತಟ್ಟೆ ಹಿಡಿದು ಬರುತ್ತಿದ್ದ ನನಗೆ ಕಾಲ ಕೆಳಗಿನ ಪೈಪು ಕಾಣಲಿಲ್ಲ. ಬಿದ್ದಾಗ ಕಣ್ಣು ಬಿಟ್ಟು ನೋಡಿದರೆ ನೀನು ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದೆ. ರೇಡಿಯೋ ಬಂದ್ ಆದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಯಜಮಾನರು ಓಡಿ ಬರುವಷ್ಟರಲ್ಲಿ ನಾನೇ ಕಾಲಿನಿಂದ ಪೈಪನ್ನು ಕುಂಡಗಳ ಹಿಂದಕ್ಕೆ ತಳ್ಳಿದ್ದೆ. ಅದನ್ನು ನೀನು ನೋಡಿದ್ದೀಯ. ನೋವಿನಲ್ಲಿ ಕಣ್ಣು ಕತ್ತಲಿಡುತ್ತಿದ್ದರೂ, ಇದು ಗೊತ್ತಾದರೆ ಯಜಮಾನರು ಇವಳನ್ನು ನಾಳೆಯೇ ಕಳಿಸಿಬಿಡುತ್ತಾರೆ ಎಂಬ ಯೋಚನೆಯೇ ನನಗೆ ಬಂದದ್ದು.

ನಿನ್ನ ಹೆಸರನ್ನು ನಾನು ಬಾಯಿಂದ ಹೊರಗೆ ಬಿಡಲಿಲ್ಲ. ನನ್ನ ಹೆಸರನ್ನು ನೀನು ಕಪ್ಪೆಗೆ ಬಿಟ್ಟುಕೊಟ್ಟೆ. ಇದನ್ನು ಬರೆಯುವಾಗ ಅಳು ಬರುತ್ತಿದೆ. ಕೋಪದ ಅಳು, ನೀನು ಬೇರೆ ಏನೇನೋ ತಿಳಿದುಕೊಳ್ಳಬೇಡ.

ಇನ್ನೊಂದು. ಪತ್ರದಲ್ಲಿ ನೀನು ಎಲ್ಲಿಯೂ ಹೇಳದೆ ನನಗೆ ತಿಳಿದದ್ದು. ಕಸಿಗೆಂದು ಕೂರಿಸಿದ ಗುಲಾಬಿಯ ಚಿಗುರುಗಣ್ಣುಗಳು ಕಪ್ಪಾಗಿ ಉದುರುತ್ತಿವೆ, ಏನು ಮಾಡಿದರೂ ಕಸಿ ಹಿಡಿಯುತ್ತಿಲ್ಲ, ಯಜಮಾನರು ಮುಖ ಊದಿಸಿಕೊಂಡಿದ್ದಾರೆ ಎಂದು ಬರೆದೆ. ನನ್ನ ಜಾಗದಲ್ಲಿ ಕಸಿ ಕಟ್ಟುತ್ತಿರುವವರು ಯಾರೆಂದು ಬರೆಯಲಿಲ್ಲ. 'ಬೆನ್ನು ನೋಯುತ್ತೆ, ಆ ಸ್ಟೂಲು ಎಷ್ಟು ಕುಳ್ಳಗಿದೆ' ಎಂದು ಮಾತ್ರ ಬರೆದೆ. ಆ ಕುಳ್ಳ ಸ್ಟೂಲು ಇಡೀ ನರ್ಸರಿಯಲ್ಲಿ ಒಂದೇ ಇರುವುದು, ಕಸಿ ಮೇಜಿನ ಮುಂದೆ. ಕಾಲು ಕತ್ತರಿಸಿ ನನ್ನ ಅಳತೆಗೆ ಮಾಡಿಸಿಕೊಂಡದ್ದು. ಅಂದರೆ ನನ್ನ ಸ್ಟೂಲಿನ ಮೇಲೆ ನೀನು, ನನ್ನ ಲೋಟದಲ್ಲಿ ಕಪ್ಪೆ. ಚೆನ್ನಾಗಿ ಹಂಚಿಕೊಂಡಿದ್ದೀರಿ!

ಸಸಿಗಳಿಗೆ ನೀರು ಹಾಕುವಾಗಲೇ ಪೈಪು ಸುತ್ತಿಡಲು ಬಾರದವಳು ಕಸಿ ಕಟ್ಟುತ್ತಾಳಂತೆ. ಅಲ್ಲಿ ಕಣ್ಣು ಕಪ್ಪಾಗುತ್ತಿರುವುದು ಯಾಕೆಂದು ಇಲ್ಲಿ ಕೂತೇ ಹೇಳಬಲ್ಲೆ. ನೀನು ಚಾಕು ಒತ್ತುತ್ತೀಯ. ಬುಡಕ್ಕಿರುವ ಕಾಡುಗುಲಾಬಿಯ ತೊಗಟೆ ಮಾತ್ರ ಸೀಳಬೇಕು, ಒಳಗಿನ ಕಟ್ಟಿಗೆಯನ್ನಲ್ಲ. ಆಮೇಲೆ ನೀನು ಪಟ್ಟಿಯನ್ನು ಕಣ್ಣಿನ ಮೇಲೆಯೇ ಸುತ್ತುತ್ತೀಯ. ಅದಕ್ಕೆ ಉಸಿರಾಡಲು ಜಾಗ ಬೇಡವೇ? ಕಟ್ಟುವಾಗ ಮಾತಾಡುತ್ತೀಯ ಎಂಬುದನ್ನು ಯಾರೂ ಹೇಳಬೇಕಾಗಿಲ್ಲ.

ನನ್ನ ಕೈ ವಾಸಿಯಾಗಿದೆ. ಹೆಬ್ಬೆರಳು ಸ್ವಲ್ಪ ಬಿಗಿ, ಅಷ್ಟೇ. ಅದನ್ನು ಎಲ್ಲರಿಗೂ ಹೇಳು. ಟೀ ಹೊತ್ತಿಗೆ ಎಲ್ಲರೂ ಇರುವಾಗ, ಕಪ್ಪೆಯ ಎದುರಿಗೇ ಹೇಳು.

ನೀನು ಹಣ್ಣು ಹಿಡಿದುಕೊಂಡು ನನ್ನನ್ನು ನೋಡಲು ಬಂದಿದ್ದೆಯಲ್ಲ, ಆ ಮಧ್ಯಾಹ್ನದ ಕಥೆಯನ್ನು ನೀನು ಅಲ್ಲಿ ಬಿತ್ತರಿಸಿದ್ದರೆ, ಅದು ಸುಳ್ಳು. ಸಕ್ಕರೆ ಡಬ್ಬಿಯ ಮುಚ್ಚಳ ನನಗೆ ಬರಲಿಲ್ಲ, ನಿಜ. ನಾನು ಬಿಗಿಯಾಗಿದೆ ಎಂದೆ. ನೀನು ಕೈಯಿಂದ ತೆಗೆದುಕೊಂಡು, ಮುಖ ಹಿಂಡಿಕೊಂಡು, "ಅಬ್ಬಾ, ಏನು ಬಿಗಿನೇ ಇದು" ಎಂದು ಕಷ್ಟಪಟ್ಟವಳಂತೆ ತೆಗೆದೆ. ಅದು ಬಿಗಿಯಾಗಿರಲಿಲ್ಲ. ತಮ್ಮನ ಮಗು ಅದನ್ನು ದಿನಕ್ಕೆ ಹತ್ತು ಸಲ ತೆಗೆದು ಸಕ್ಕರೆ ಕದಿಯುತ್ತದೆ. ನೀನು ನಾಟಕವಾಡಿದೆ, ನಾನೂ ಆಡಿದೆ. ಟೀ ಕುಡಿದೆವು. ನೀನು ಹೋಗುವಾಗ ಬಾಗಿಲಲ್ಲಿ ನಿಂತು ಏನೋ ಹೇಳಲು ಬಾಯಿ ತೆರೆದು, "ಬಸ್ಸು ಬಂತು" ಎಂದು ಓಡಿದೆ. ಬಸ್ಸು ಬಂದಿರಲಿಲ್ಲ. ನಾನು ಕಿಟಕಿಯಿಂದ ನೋಡುತ್ತಲೇ ಇದ್ದೆ. ನೀನು ನಿಲ್ದಾಣದ ಕಂಬಕ್ಕೆ ಒರಗಿ ತುಂಬಾ ಹೊತ್ತು ಹಾಗೇ ನಿಂತಿದ್ದೆ.

ಅವತ್ತು ಕೈಯಲ್ಲಿ ಇನ್ನೂ ಊತವಿತ್ತು. ಅದಕ್ಕೇ ಮುಚ್ಚಳ ಬರಲಿಲ್ಲ.

ಆದರೆ ನಿನಗೆ ಏನೋ ಗೊತ್ತಾಯಿತು ಎಂದೇ ಇಟ್ಟುಕೊಳ್ಳೋಣ. ನೀನು ಏನೋ ಅಂದುಕೊಂಡೆ, ಅದು ನಿಜವೇ ಎಂದೂ ಇಟ್ಟುಕೊಳ್ಳೋಣ. ಆಗ ನೀನು ಹೇಳಬೇಕಾದದ್ದು ಯಾರಿಗೆ? ನನಗೆ. ಬಾಗಿಲಲ್ಲಿ ನಿಂತು, ಮುಖ ನೋಡಿ, "ಮುಳ್ಳಿ, ನಿನ್ನ ಕೈ ಹೋಯ್ತಲ್ಲೇ" ಅನ್ನಬೇಕಿತ್ತು. ನಾನು ಬೈಯುತ್ತಿದ್ದೆ, ತಟ್ಟೆ ಎಸೆಯುತ್ತಿದ್ದೆ, ನಿನ್ನನ್ನು ಮನೆಯಿಂದ ಆಚೆ ನೂಕುತ್ತಿದ್ದೆ. ನೂಕಿಸಿಕೊಳ್ಳಬೇಕಿತ್ತು. ಅಷ್ಟಕ್ಕೂ ಸ್ನೇಹಿತೆ ಇರುವುದು ಯಾತಕ್ಕೆ? ಲೋಕಕ್ಕೆಲ್ಲ ಬಾಯಿ ಹಾಕುವ ರೇಡಿಯೋಗೆ ನನ್ನ ಎದುರು ಮಾತ್ರ ಬಾಯಿ ಕಟ್ಟಿತು. ಅಲ್ಲಿ ಹೋಗಿ ಕಪ್ಪೆಗೆ ಹೇಳಿದೆ.

ಗಾಯದ ಮೇಲೆ ಬರೆ ಎಳೆಯುವುದು ಅಂದರೆ ಇದೇ. ಕಪ್ಪೆಗೆ ನೀನು ಆ ಹೆಸರನ್ನು ಅಳುತ್ತಾ ಇಟ್ಟೆಯೋ ನಗುತ್ತಾ ಇಟ್ಟೆಯೋ ನನಗೆ ಗೊತ್ತಿಲ್ಲ. ಅಳುತ್ತಾ ಇಟ್ಟಿದ್ದರೆ ಇನ್ನೂ ಸಿಟ್ಟು ಬರುತ್ತದೆ. ಸತ್ತವರಿಗೆ ಅಳುವ ಹಾಗೆ ನನಗೆ ಯಾರೂ ಅಳುವುದು ಬೇಡ.

ಈಗ ನೀನು ಮಾಡಬೇಕಾದ್ದು ಇಷ್ಟು. ಪತ್ರ ಕೈಗೆ ಸಿಕ್ಕ ದಿನವೇ ಟೀ ಹೊತ್ತಿಗೆ ಎಲ್ಲರನ್ನೂ ಕರೆ. ಕಪ್ಪೆಯ ಮುಂದೆ ನಿಂತು, ಮುಳ್ಳಕ್ಕ ಕೆಲಸ ಬಿಟ್ಟಿಲ್ಲ, ಹೆಸರು ವಾಪಸ್ ತಗೊಂಡಿದ್ದೀನಿ ಎಂದು ನಿನ್ನ ಬಾಯಿಂದಲೇ ಹೇಳು. ಇಟ್ಟ ಹೆಸರನ್ನು ಹಿಂದಕ್ಕೆ ತೆಗೆದುಕೊಳ್ಳುವ ಪದ್ಧತಿ ಇಲ್ಲ ಎನ್ನುತ್ತಾರೆ. ಇಲ್ಲದಿದ್ದರೆ ಈಗ ಶುರುಮಾಡು. ಕಪ್ಪೆ ಸ್ವಲ್ಪ ದಿನ ಹೆಸರಿಲ್ಲದೆ ಇರಲಿ, ಅದೇನೂ ರೇಷನ್ ಕಾರ್ಡು ಮಾಡಿಸಬೇಕಾಗಿಲ್ಲ. ಹೆಸರು ಬೇಕೇಬೇಕು ಎಂದು ಯಾರಾದರೂ ಹಟ ಹಿಡಿದರೆ ನಿನ್ನ ಹೆಸರಿಡಿ. ವಟಗುಟ್ಟುವುದಕ್ಕೆ ಅದೇ ಸರಿ.

ಇಂತಿ,
ಇನ್ನೂ ಕೆಲಸ ಬಿಡದ,
ಎರಡು ಕಾಲಿನ ಮುಳ್ಳಕ್ಕ

ಶನಿವಾರ

ಬಿಟ್ಟುಹೋದ ಮಾತು: ಮೇಲೆ ಮಂಗಳವಾರ ಎಂದಿದೆ, ಕೆಳಗೆ ಶನಿವಾರ ಎಂದಿದೆ. ಅಕ್ಷರವೆಲ್ಲ ಕಾಗೆಕಾಲು ಗುಬ್ಬಿಕಾಲು. ನೀನು ಇದನ್ನು ಎಲ್ಲರಿಗೂ ತೋರಿಸಿ ನಗುವ ಮೊದಲು ಹೇಳಿಬಿಡುತ್ತೇನೆ. ಇಡೀ ಪತ್ರವನ್ನು ಎಡಗೈಯಲ್ಲಿ ಬರೆದಿದ್ದೇನೆ. ಮೇಲೆ ಕೈ ವಾಸಿಯಾಗಿದೆ ಎಂದು ಬರೆದದ್ದೂ ಎಡಗೈಯೇ. ಬಲಗೈ ಪೆನ್ನು ಹಿಡಿಯುವುದಿಲ್ಲ. ಚಾಕುವಂತೂ ಇನ್ನು ಆಗದ ಮಾತು ಎಂದು ಮೂಳೆ ಡಾಕ್ಟರು ನೀನು ಬರುವುದಕ್ಕಿಂತ ಮೊದಲೇ ಹೇಳಿದ್ದರು. ತಮ್ಮನಿಗೆ ಇನ್ನೂ ಗೊತ್ತಿಲ್ಲ. ಮೊದಲು ನಿನಗೇ ಹೇಳುತ್ತಿದ್ದೇನೆ, ಯಾಕೆಂದರೆ ಹೇಳಬೇಕಾದವರಿಗೆ ಹೇಳುವುದು ಹೀಗೆ ಎಂದು ನಿನಗೂ ಗೊತ್ತಾಗಲಿ.

ಈ ಪತ್ರ ತಲುಪಿದ ಮೇಲಿನ ಸೋಮವಾರ ಬರುತ್ತೇನೆ. ಸ್ಟೂಲು ಬಿಟ್ಟು ಏಳಬೇಡ. ನೀನು ಕಸಿ ಕಟ್ಟು, ನಾನು ಪಕ್ಕದಲ್ಲಿ ಕೂತು ಬೈಯುತ್ತೇನೆ. ಯಜಮಾನರಿಗೆ ನಾನೇ ಮಾತಾಡುತ್ತೇನೆ, ಅದಕ್ಕೆ ಕೈ ಬೇಕಾಗಿಲ್ಲ. ಕಪ್ಪೆಗೆ ಒಡೆದ ಕುಂಡವೊಂದನ್ನು ನೆರಳಿನಲ್ಲಿ ಇಟ್ಟುಕೊಡು, ಪಾಪ, ಅದನ್ನು ಬೀದಿಗೆ ಹಾಕಬೇಡ. ನನ್ನ ಲೋಟವನ್ನು ಬಿಸಿನೀರಿನಲ್ಲಿ ಎರಡು ಸಲ ತೊಳೆದು ಮೊಳೆಗೆ ಹಾಕು. ಬಲಗಡೆಯ ಹಳೆಯ ಮೊಳೆಗಲ್ಲ. ಎಡಗಡೆಗೆ ಹೊಸದೊಂದು ಹೊಡೆ.