ಫ್ಲಾಶ್ ಹೊಡೆಯದ ಒಂದು ಫೋಟೊ ಬೇಕಾಗಿದೆ

ಇಸವಿ 2187, ಫೆಬ್ರವರಿ 31, ಸೋಮವಾರ

ಎಲೈ ಇಪ್ಪತ್ತೊಂದನೆಯ ಶತಮಾನದ ಮಹಾಜನರೇ! ಚಾರ್ಜರ್ ಹಿಡಿದು ಗೋಡೆಗೋಡೆ ತಡಕುವ ಪೂಜ್ಯ ಪೂರ್ವಿಕರೇ! ಪಾಸ್‌ವರ್ಡ್ ಮರೆತವರೇ, ಮರೆಯಬಾರದೆಂದು ಬರೆದಿಟ್ಟ ಚೀಟಿಯನ್ನೂ ಕಳೆದುಕೊಂಡವರೇ! ನಿಮ್ಮೆಲ್ಲರ ಪಾದಾರವಿಂದಗಳಿಗೆ, ಅವು ಈಗ ಯಾವ ಮಣ್ಣಿನಲ್ಲಿದ್ದರೂ ಸರಿ, ನನ್ನ ನಮಸ್ಕಾರ.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಯನ್ನೂ ಸುಧಾರಿಸಲಾಗಿದೆ. ಗಿಡ್ಡ ತಿಂಗಳು ನೋಡಲು ಲಕ್ಷಣವಾಗಿಲ್ಲವೆಂದು ಯಂತ್ರವೇ ಅದನ್ನು ಎಳೆದು ಉದ್ದ ಮಾಡಿತು. ಮಾಡು ಎಂದು ಯಾರೂ ಕೇಳಿರಲಿಲ್ಲ, ಬೇಡ ಎಂದು ಯಾರೂ ತಡೆಯಲೂ ಇಲ್ಲ. ಈ ಓಲೆಯಲ್ಲಿ ಬರುವ ನಮ್ಮ ಕಾಲದ ಕೆಲವು ಪದಗಳು ನಿಮ್ಮ ಕಿವಿಗೆ ಒರಟಾಗಿ ಕೇಳಿಸಬಹುದು, ಕ್ಷಮಿಸಬೇಕು. ನಾನು ಇಲ್ಲಿನ ಮೊಗಶಾಲೆಯ ಕಾವಲಿನವನು. ಸತ್ತವರ ಮುಖಗಳನ್ನು ಕೂಡಿಡುವ ಕಟ್ಟಡಕ್ಕೆ ನಾವು ಮೊಗಶಾಲೆ ಎನ್ನುತ್ತೇವೆ. ಕೆಲಸ ಹಗುರ. ಮುಖಗಳೆಲ್ಲ ಒಂದೇ ಥರ ಇರುವುದರಿಂದ ಒಂದನ್ನು ನೋಡಿಕೊಂಡರೆ ಎಲ್ಲವನ್ನೂ ನೋಡಿಕೊಂಡಂತೆ.

ಇಲ್ಲಿ ಪ್ರತಿ ಮನೆಯಲ್ಲೂ ಒಬ್ಬ ತಿದ್ದಪ್ಪ ಇರುತ್ತಾನೆ. ಮನುಷ್ಯನಲ್ಲ, ಅಂಗೈಯಗಲದ ಬಿಲ್ಲೆ. ಕಂಡದ್ದನ್ನೆಲ್ಲ ತಿದ್ದುವುದು ಅವನ ಕಸುಬು. ಬೆಳಿಗ್ಗೆ ಎದ್ದು ಕಣ್ಣಿಗೆ ತೆಳುವಾದ ನೋಟಪೊರೆ ಹಚ್ಚಿಕೊಂಡರೆ ಸಾಕು, ತಿದ್ದಪ್ಪ ತನ್ನ ಕೆಲಸ ಶುರುಮಾಡುತ್ತಾನೆ. ಗೋಡೆಯ ಬಿರುಕು ಮುಚ್ಚುತ್ತದೆ, ಬಾಡಿದ ತುಳಸಿ ಚಿಗುರುತ್ತದೆ, ಹೆಂಡತಿಗೆ ಗಂಡನೂ ಗಂಡನಿಗೆ ಹೆಂಡತಿಯೂ ಇಪ್ಪತ್ತೆಂಟು ವರ್ಷದವರಾಗಿ ಕಾಣುತ್ತಾರೆ. ನೋಟಪೊರೆಯಲ್ಲಿ ಉಪ್ಪಿಟ್ಟು ಕೂಡ ಮೃಷ್ಟಾನ್ನದಂತೆ ಹೊಳೆಯುತ್ತದೆ, ಬಾಯಿಗಿಟ್ಟರೆ ಮಾತ್ರ ಉಪ್ಪಿಟ್ಟೇ. ಇನ್ನೂರು ವರ್ಷದ ವಿಜ್ಞಾನ ಅದೊಂದನ್ನು ಗೆಲ್ಲಲಾರದೆ ಕೈಚೆಲ್ಲಿದೆ. ನಮ್ಮಲ್ಲೊಂದು ಗಾದೆಯಿದೆ: ಹಳತೆಲ್ಲ ಹೊಸತಾಯ್ತು, ಹೊಸತೆಲ್ಲ ಹುಸಿಯಾಯ್ತು. ಮಕ್ಕಳು ಇದನ್ನು ಕುಣಿಯುತ್ತ ಹಾಡುತ್ತಾರೆ. ದೊಡ್ಡವರು ಕೇಳದಂತಿರುತ್ತಾರೆ.

ಈ ತಿದ್ದಪ್ಪನ ಕಥೆ ಎಲ್ಲಿಂದ ಶುರುವಾಯಿತು ಎಂದು ನಮ್ಮ ಎರಡನೇ ತರಗತಿಯ ಪುಸ್ತಕದಲ್ಲಿ ಒಂದು ಪಾಠವಿದೆ. ಪಾಠದ ಹೆಸರು ‘ತಿಪಟೂರಿನ ಷಡಕ್ಷರಿ’. ನಿಮ್ಮ ಕಾಲದವನೇ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿದವನು, ವಯಸ್ಸು ನಲವತ್ತೈದರ ಆಸುಪಾಸು. ಇಂಗ್ಲಿಷಿನ ಸೂಚನೆಗಳನ್ನು ಓದದೆಯೇ ಗುಂಡಿ ಒತ್ತಿ ಕಲಿಯುವುದು ಅವನ ಪದ್ಧತಿ. ಹಾಗೆ ಒತ್ತಿ ಒತ್ತಿ ದಿನಕ್ಕೊಂದು ಶೋಧ ಮಾಡುತ್ತಿದ್ದ. ಕರೆಂಟು ಹೋದಾಗ ಫೋನಿನ ಟಾರ್ಚಿನ ಮೇಲೆ ನೀರಿನ ಬಾಟಲಿ ಇಟ್ಟರೆ ಕೋಣೆಯೆಲ್ಲ ಬೆಳಕು ಎಂಬುದು ಅವನ ಮೊದಲ ಶೋಧ. ತೆಂಗಿನಕಾಯಿ ರಾಶಿಯ ಫೋಟೊ ತೆಗೆದರೆ ಕಾಯಿ ಎಷ್ಟೆಂದು ಹೇಳುವ ಒಂದು ಆಪನ್ನೂ ಅವನು ಪತ್ತೆಮಾಡಿದ್ದ. ಅದು ರಾಶಿಯ ಪಕ್ಕ ಕೂತಿದ್ದ ಪಕ್ಕದ ಮನೆಯವರ ಬೋಳುತಲೆಯನ್ನೂ ಸೇರಿಸಿ ಲೆಕ್ಕ ಕೊಟ್ಟಿತು. ಅವರು ಆಮೇಲೆ ಅವನ ಮನೆ ಕಡೆ ತಲೆ ಹಾಕಲಿಲ್ಲ.

ಅವನ ಅತಿ ದೊಡ್ಡ ಶೋಧ ಫೋನಿನಲ್ಲಿ ಜಾಗ ಉಳಿಸುವುದು. ತಿದ್ದಿದ ಫೋಟೊವನ್ನು ಹಳೆಯದರ ಜಾಗದಲ್ಲೇ ಕೂರಿಸುವುದು, ಅಳಿಸಿದ್ದನ್ನು ಕಸದಬುಟ್ಟಿಯಿಂದಲೂ ಅವತ್ತವತ್ತೇ ಗುಡಿಸಿಹಾಕುವುದು, ಇಷ್ಟನ್ನೂ ಫೋನ್ ತಾನಾಗಿಯೇ ಮಾಡುವಂತೆ ಅವನು ಏರ್ಪಾಡು ಮಾಡಿದ್ದ. ಕಂಡಕಂಡವರಿಗೆ ಇದನ್ನು ಕಲಿಸುತ್ತಿದ್ದ. “ಹಳೇದು ಅಳ್ಸಿ, ಹೊಸದು ಉಳ್ಸಿ” ಎಂದು ಪ್ರಾಸ ಬೇರೆ ಕಟ್ಟಿದ್ದ. ಹೆಂಡತಿ ವಿಶಾಲಾಕ್ಷಿ ಒಮ್ಮೆ ಹೇಳಿದ ಮಾತು ನಮ್ಮ ಪುಸ್ತಕದಲ್ಲಿ ಹಾಗೇ ಅಚ್ಚಾಗಿದೆ: “ಏನ್ರೀ, ಮನೇಲಿ ಅಟ್ಟದ್ ತುಂಬ ಹರಕು ತುಂಬ್ಕೊಂಡು ಕೂತಿದೀರ, ಫೋನ್ ಮಾತ್ರ ಗುಡ್ಸಿ ರಂಗೋಲಿ ಹಾಕ್ತೀರಲ್ಲ!”

ಇವನ ತಂದೆ ಗುರುಶಾಂತಪ್ಪನವರು ಆ ಊರಿನ ಫೋಟೊಗ್ರಾಫರ್. ಎದೆಯ ಮೇಲೆ ನೇತುಹಾಕಿಕೊಂಡು ಮೇಲಿನಿಂದ ಬಗ್ಗಿ ನೋಡುವ ಡಬ್ಬಿ ಕ್ಯಾಮೆರಾ ಅವರದು. ಸುತ್ತಿನ ಊರುಗಳ ನಾಮಕರಣ, ಮದುವೆ, ಸಾವು ಎಲ್ಲವೂ ಅವರ ಡಬ್ಬಿಯೊಳಗೆ ಹೋಗಿ ಬಂದವು. ಅವರು ಮಾತ್ರ ಯಾವ ಫೋಟೊದಲ್ಲೂ ಇಲ್ಲ. ತೆಗೆಯುವವನನ್ನು ತೆಗೆಯುವವರು ಯಾರು? ಅವರ ಮದುವೆಗೂ ಫೋಟೊ ಇಲ್ಲ. ಊರಿಗಿದ್ದ ಒಬ್ಬನೇ ಫೋಟೊಗ್ರಾಫರ್ ಅವತ್ತು ಬಾಸಿಂಗ ಕಟ್ಟಿಕೊಂಡು ಕೂತಿದ್ದ. ಒಂದೇ ಒಂದು ಸಲ, ಕ್ಯಾಮೆರಾದ ಟೈಮರ್ ಸರಿಯಿದೆಯೇ ಎಂದು ನೋಡಲು, ಗುಂಡಿ ಒತ್ತಿ ಓಡಿಹೋಗಿ ಸ್ಟೂಲಿನ ಮೇಲೆ ಕೂತರು. ಸರಿಯಾಗಿ ಕೂರುವಷ್ಟರಲ್ಲಿ ಕ್ಲಿಕ್ಕಾಯಿತು. ತಲೆ ವಾರೆ, ಬಾಯಿ ಅರ್ಧ ತೆರೆದಿದೆ, ‘ಎಂಟು, ಒಂಬತ್ತು’ ಎಂದು ಎಣಿಸುತ್ತಿದ್ದರಂತೆ. ಕೆನ್ನೆಯ ಮೇಲೆ ಸಿಡುಬಿನ ಕಲೆ. ವರ್ಷಗಟ್ಟಲೆ ಒಂದೇ ಕಣ್ಣಿನಲ್ಲಿ ಕ್ಯಾಮೆರಾದ ಭೂತಗನ್ನಡಿಗೆ ಇಣುಕಿ ಇಣುಕಿ ಎಡಗಣ್ಣು ಅರ್ಧ ಮುಚ್ಚಿಕೊಂಡೇ ಇರುತ್ತಿತ್ತು. 1992ರಲ್ಲಿ ಅವರು ಹೋದಾಗ ಹೂವಿನ ಹಾರ ಬಿದ್ದದ್ದು ಆ ಫೋಟೊಕ್ಕೇ. ಆಗ ಷಡಕ್ಷರಿಗೆ ಹನ್ನೆರಡು ವರ್ಷ.

ಅವರ ಹೆಂಡತಿ ದಾಕ್ಷಾಯಣಮ್ಮ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬೆಳಗಿನ ವಿಭೂತಿ ಇಟ್ಟುಕೊಂಡಮೇಲೆ ಆ ಫೋಟೊದ ಮುಂದೆ ನಿಂತು ಮಾತಾಡುತ್ತಿದ್ದರು. “ಏನೂಂದ್ರೆ, ಇವತ್ತು ಹಾಲು ಒಡ್ದೋಯ್ತು.” “ಏನೂಂದ್ರೆ, ನಿಮ್ ಮಗ ಇನ್ನೊಂದ್ ಫೋನ್ ತಂದವ್ನೆ, ನೀವೇ ಒಂದ್ ಮಾತು ಹೇಳಿ.” ಈಚೆಗೆ ಅವರಿಗೆ ಮರೆವು ಹತ್ತಿತು. ಮೊಮ್ಮಕ್ಕಳ ಹೆಸರು ಹೋಯಿತು, ಓಣಿಯ ಗುರುತು ಹೋಯಿತು. ಆ ವಾರೆ ತಲೆಯ ಮುಖ ಮಾತ್ರ ಹೋಗಲಿಲ್ಲ. ಅದರ ಮುಂದೆ ನಿಂತಷ್ಟು ಹೊತ್ತು ಅವರ ಮಾತು ತಪ್ಪುತ್ತಿರಲಿಲ್ಲ.

ಥಂಡಿಗೆ ಆ ಫೋಟೊ ಚೌಕಟ್ಟಿನ ಗಾಜಿಗೆ ಅಂಟಿಕೊಂಡು ಅಂಚಿನಿಂದ ಮಾಸತೊಡಗಿತ್ತು. ಷಡಕ್ಷರಿ ಉಳಿಸಲು ಹೊರಟ. ಮೊದಲು ಗಾಜಿನ ಮೇಲಿಂದಲೇ ಫೋನಿನಲ್ಲಿ ಫೋಟೊ ತೆಗೆದ. ಹೊಸ ಆಪೊಂದಕ್ಕೆ ಅದನ್ನು ಕೊಟ್ಟು ‘ಸುಧಾರಿಸು’ ಎಂದ. ಅದು ಮೂರು ಗಳಿಗೆ ತಿರುಗಿ, ಮಾಸಲು ತೆಗೆದು, ಮುಖ ಬೆಳಗಿಸಿ ಕೊಟ್ಟಿತು. ಬೆರಳುದ್ದದ ಚಿತ್ರದಲ್ಲಿ ಚೆನ್ನಾಗಿಯೇ ಕಂಡಿತು. ಆ ಧೈರ್ಯದಲ್ಲಿ, ಅಸಲು ಫೋಟೊವನ್ನೂ ಗಾಜಿನಿಂದ ಬಿಡಿಸೋಣವೆಂದು, ಯಾವುದೋ ವಿಡಿಯೊದಲ್ಲಿ ಹೇಳಿದಂತೆ ತಟ್ಟೆಯಲ್ಲಿ ನೀರಿಟ್ಟು ನೆನೆಹಾಕಿದ. ಅರ್ಧ ಗಂಟೆಯಲ್ಲಿ ಫೋಟೊ ಬಿಟ್ಟುಕೊಂಡಿತು. ಮುಖದ ಭಾಗ ಕಾಗದವನ್ನೂ ಬಿಟ್ಟಿತು, ಗಾಜನ್ನೂ ಬಿಟ್ಟಿತು, ನೀರಿನಲ್ಲಿ ಕಂದು ಕೆನೆಯಾಗಿ ತೇಲಿತು. ಕಾಗದದ ಮೇಲೆ ಉಳಿದದ್ದು ಸ್ಟೂಲು, ಎರಡು ಮೊಣಕಾಲು.

ಫೋನಿಗೆ ಓಡಿದ. ಅಲ್ಲಿ ಅಸಲಿರಲಿಲ್ಲ. ಹಳೆಯದರ ಜಾಗದಲ್ಲಿ ಹೊಸದು ಕೂತಿತ್ತು, ಕಸದಬುಟ್ಟಿ ಗುಡಿಸಿ ಸಾರಿಸಿದಂತಿತ್ತು. ಅವನು ಹೇಳಿಕೊಟ್ಟಂತೆಯೇ. ನೆಗೆಟಿವ್ ಪೆಟ್ಟಿಗೆ ಸ್ಟುಡಿಯೊ ಮುಚ್ಚಿದಾಗಲೇ ಗುಜರಿಗೆ ಹೋಗಿತ್ತು. ಇದ್ದ ಒಂದನ್ನೇ ದೊಡ್ಡದಾಗಿ ಅಚ್ಚುಹಾಕಿಸಿ, ಕಟ್ಟುಹಾಕಿಸಿ ಗೋಡೆಗೇರಿಸಿದ. ಆಗಲೇ ಅವನು ಸರಿಯಾಗಿ ನೋಡಿದ್ದು: ತಲೆ ನೆಟ್ಟಗಾಗಿತ್ತು. ಬಾಯಿ ಮುಚ್ಚಿ ಮುಗುಳ್ನಗುತ್ತಿತ್ತು. ಸಿಡುಬಿನ ಕಲೆ ಒಂದೂ ಇರಲಿಲ್ಲ. ಎಡಗಣ್ಣು ಪೂರ್ತಿ ತೆರೆದಿತ್ತು.

ದಾಕ್ಷಾಯಣಮ್ಮ ವಿಭೂತಿ ಇಟ್ಟುಕೊಂಡು ಬಂದವರು ಫೋಟೊ ನೋಡಿ ಸೆರಗು ಸರಿಮಾಡಿಕೊಂಡು ಹಿಂದೆ ಸರಿದರು. ಸೊಸೆಯನ್ನು ಮೆಲ್ಲಗೆ ಕರೆದರು. “ವಿಶಾಲೂ, ಯಾರೋ ಫೋಟೊ ತೆಗೆಸ್ಕೊಳ್ಳಕ್ಕೆ ಬಂದು ಕೂತವ್ರೆ ಕಣವ್ವ. ಕಾಫಿ ಕೊಡು. ಇವ್ರು ಎಲ್ಲೋದ್ರೋ ಏನೋ, ಗಿರಾಕಿ ಕೂರ್ಸಿ ಹೊಂಟೋಗದೇ ಆಯ್ತು.”

“ಅಮ್ಮ, ಅದು ಅಪ್ಪಾನೇ ಕಣಮ್ಮ” ಎಂದ ಷಡಕ್ಷರಿ.

“ನಿಮ್ಮಪ್ಪ ಯಾವತ್ತು ಅಷ್ಟ್ ನೆಟ್ಟಗೆ ಕೂತಿದ್ರು?” ಎಂದರು ಅವರು. ಅಂದಿನಿಂದ ಆ ಗೋಡೆಯೊಂದಿಗೆ ಮಾತು ನಿಂತಿತು. ಉಳಿದ ಮಾತೂ ದಿನದಿಂದ ದಿನಕ್ಕೆ ಎಡವತೊಡಗಿತು.

ಷಡಕ್ಷರಿಗೆ ಆಗ ಒಂದು ಉಪಾಯ ಹೊಳೆಯಿತು. ಅವನ ಜೀವಮಾನದ ಏಕೈಕ ಒಳ್ಳೆಯ ಶೋಧವೆಂದು ನಮ್ಮ ಪಾಠ ಅದನ್ನು ಹೊಗಳುತ್ತದೆ. ಆ ಕಾಲದ ಮದುವೆಗಳಲ್ಲಿ ಹೆಣ್ಣಿಗೆ ಕೊಟ್ಟ ಸಾಮಾನುಗಳನ್ನೆಲ್ಲ ಜೋಡಿಸಿ, ಗಂಡುಹೆಣ್ಣನ್ನು ಅವುಗಳ ಮುಂದೆ ನಿಲ್ಲಿಸಿ ಒಂದು ಫೋಟೊ ತೆಗೆಸುವುದು ವಾಡಿಕೆ. ಮಂಚ, ಹಂಡೆ, ನಡುವೆ ಆಳೆತ್ತರದ ಕನ್ನಡಿಯ ಬೀರು. ಕನ್ನಡಿಯ ಎದುರಿಗೆ ಯಾರು? ಫೋಟೊಗ್ರಾಫರ್! ಅವನು ಮನೆಮನೆಗೆ ಹೋಗಿ ಆಲ್ಬಮ್ ಬೇಡಿದ. ನಿವೃತ್ತ ಶಿಕ್ಷಕ ಮರುಳಸಿದ್ದಪ್ಪನವರು ತಮ್ಮ ಮದುವೆಯ ಆಲ್ಬಮ್ ಬಿಚ್ಚಿ, “ಇಲ್ ನೋಡಪ್ಪ, ನಿಮ್ಮಪ್ಪ! ಕನ್ನಡೀಲಿ ನಿಂತವ್ರೆ. ಅದೇ ಕ್ಯಾಮೆರಾ, ಅದೇ ಪಂಚೆ” ಎಂದು ತೋರಿಸಿದರು. ನಿಜ. ಪಂಚೆಯಿತ್ತು, ಎದೆಯ ಮೇಲೆ ಡಬ್ಬಿಯಿತ್ತು, ಮುಖದ ಮಟ್ಟಕ್ಕೆ ಎತ್ತಿ ಹಿಡಿದ ಎಡಗೈ ಇತ್ತು. ಆ ಕೈಯಲ್ಲಿದ್ದದ್ದು ಫ್ಲಾಶು. ಮುಖವಿರಬೇಕಾದ ಕಡೆ ಬಿಳಿಯ ಬೆಳಕಿನ ಉಂಡೆ.

ಹತ್ತೊಂಬತ್ತು ಆಲ್ಬಮ್ ನೋಡಿದ. ಹನ್ನೊಂದರಲ್ಲಿ ಬೀರು, ಹನ್ನೊಂದರಲ್ಲೂ ಅಪ್ಪ, ಹನ್ನೊಂದರಲ್ಲೂ ಬೆಳಕಿನ ಉಂಡೆ. ಗುರುಶಾಂತಪ್ಪನವರು ಕಸುಬಿನಲ್ಲಿ ಅಷ್ಟು ಅಚ್ಚುಕಟ್ಟು.

ಆದ್ದರಿಂದ, ಪೂಜ್ಯ ಪೂರ್ವಿಕರೇ, ಮೊಗಶಾಲೆಯ ಪರವಾಗಿ ನನ್ನ ಬಿನ್ನಹ ಇಷ್ಟು. ನಿಮ್ಮಲ್ಲಿ ಯಾರ ಮನೆಯ ಆಲ್ಬಮಿನಲ್ಲಾದರೂ ಫ್ಲಾಶ್ ಹೊಡೆಯದೆ ಮಂಕಾದ ಒಂದು ಮದುವೆ ಫೋಟೊ ಇದ್ದರೆ, ಹಾಳಾದದ್ದೆಂದು ಆಲ್ಬಮಿನ ಹಿಂದಿನ ಚೀಲಕ್ಕೆ ತುರುಕಿದ್ದರೆ, ಅದರಲ್ಲೊಂದು ಕನ್ನಡಿ ಬೀರು ಕಂಡರೆ, ಅದನ್ನು ಒರೆಸಬೇಡಿ, ನೆನೆಸಬೇಡಿ, ತಿದ್ದಬೇಡಿ. ಕತ್ತಲೆಯಿದ್ದರೆ ಇರಲಿ. ಅದನ್ನು ಹಾಗೆಯೇ ಇನ್ನೂರು ವರ್ಷ ಜೋಪಾನ ಮಾಡಿ ನಮಗೆ...

ಇಲ್ಲ. ಇನ್ನೂರು ವರ್ಷ ಬೇಡ, ಇನ್ನೂರು ದಿನವೂ ಇದೆಯೋ ಇಲ್ಲವೋ. ಮೊಗಶಾಲೆಯೂ ಇಲ್ಲ, ತಿದ್ದಪ್ಪನೂ ಇಲ್ಲ. ಷಡಕ್ಷರಿ ನಾನೇ. ನನಗೂ ಈಗ ಕಣ್ಣು ಮುಚ್ಚಿದರೆ ಆ ನೆಟ್ಟಗೆ ಕೂತವನೇ ಬರುತ್ತಾನೆ. ಅಪ್ಪನ ಮುಖ ಗೊತ್ತಿರುವುದು ಅಮ್ಮನಿಗೊಬ್ಬಳಿಗೇ, ಅವಳಿಗೂ ಎಷ್ಟು ದಿನವೋ. ಇವತ್ತು ಬೆಳಿಗ್ಗೆ ಆ ಫೋಟೊದ ಮುಂದೆ ಅವಳೇ ಕಾಫಿ ಇಟ್ಟು, “ಕೂತಿರಿ, ಇನ್ನೇನ್ ಬಂದ್ಬಿಡ್ತಾರೆ” ಎಂದು ಹೇಳಿ, ಹೋಗಿ ಬಾಗಿಲಲ್ಲಿ ನಿಂತಿದ್ದಾಳೆ.