ಪ್ರೇಮಕ್ಕನ ಪಪ್ಪಾಯ ತೋಟ

ಫೆಬ್ರವರಿ 10, ಸೋಮವಾರ

ಭದ್ರಾವತಿಯಿಂದ ಎಂಟೂಕಾಲಿನ ಬಸ್ಸು. ಸೀಟಿಲ್ಲ. ವಿನೋಬನಗರದ ಆಫೀಸಿನ ಬೀಗ ತೆಗೆದು, ನಮ್ಮ ರೈತರ ಸೊಸೈಟಿಯ ವಾಟ್ಸಾಪ್ ಗ್ರೂಪಿಗೆ ಇವತ್ತಿನ ಹಣ್ಣಿನ ರೇಟು ಹಾಕಿದೆ. ಪಪ್ಪಾಯ ಬೆಳೆಯುವ ಹನ್ನೆರಡು ಮೆಂಬರ್‌ಗಳಲ್ಲಿ ಹನ್ನೊಂದು ಜನ ಹೆಬ್ಬೆರಳು ಕಳಿಸಿದರು. ಪ್ರೇಮಕ್ಕ ಫೋಟೋ ಕಳಿಸಿದರು. ಕುಡಿ ಎಲೆಗಳೆಲ್ಲ ದಾರದ ಹಾಗೆ ಸಣ್ಣಗೆ, ಸುರುಳಿ ಸುರುಳಿ.

ವೈರಸ್ಸಾ? ಆಗದಿರಲಿ.

ಫೆಬ್ರವರಿ 11

ಶಂಕರಘಟ್ಟದ ಬಸ್ಸು ಹತ್ತಿ, ಯೂನಿವರ್ಸಿಟಿ ಕ್ಯಾಂಪಸ್ಸಿಗೆ ಎರಡು ಸ್ಟಾಪ್ ಮೊದಲೇ ಇಳಿದೆ. ಪ್ರೇಮಕ್ಕನದು ಅರ್ಧ ಎಕರೆ. ನಾನೂರ ಇಪ್ಪತ್ತು ಗಿಡ. ಭತ್ತ ಬಿಟ್ಟು ಹಣ್ಣು ಹಾಕಿ ಎಂದವಳು ನಾನು. ಸಸಿ ಕೊಟ್ಟವಳೂ ನಾನೇ. ಡ್ರಿಪ್ ಬರುವ ತನಕ ಇಪ್ಪತ್ತು ದಿನ ಕೊಡದಲ್ಲಿ ನೀರು ಹೊತ್ತಿದ್ದರು ಆಕೆ. ಈಗ ಹೂವು ಬಿಟ್ಟಿವೆ. ಅರ್ಧಕ್ಕರ್ಧ ಗಿಡಗಳ ಕುಡಿ ಮುದುಡಿದೆ.

ಅವರ ಗಂಡ ಕರಿಯಣ್ಣ ಜೊತೆಗೇ ಬಂದರು.

"ಮೇಡಂ, ಆ ಡ್ರೋನ್ ಬಂದು ಹೋದ್ಮೇಲೇ ಹಿಂಗಾಗಿದ್ದು. ಪಕ್ಕದ ಬೀರಪ್ಪನ ಗದ್ದೆಗೆ ಕಳೆ ಔಷಧಿ ಹೊಡೆದ್ರಲ್ಲ, ಅವತ್ತಿಂದ."

"ಅದು ಗದ್ದೆಗೆ ಹೊಡೆದಿದ್ದು ಕರಿಯಣ್ಣ. ಇದು ವೈರಸ್ಸು. ಗಿಡಹೇನಿಂದ ಬರೋದು."

ತಲೆಯಾಡಿಸಿದರು. ಓದಿದವಳು ಹೇಳಿದ ಮೇಲೆ ಇನ್ನೇನು ಎನ್ನುವ ಹಾಗೆ.

ಸಂಜೆ 5

ಎಲೆಗಳನ್ನು ಲ್ಯಾಬಿಗೆ ಕಳಿಸಿದೆ. ರಿಪೋರ್ಟಿಗೆ ಹದಿನೈದು ದಿನವಂತೆ. ಸೊಸೈಟಿ ಅಧ್ಯಕ್ಷರು ಹರಿಪ್ರಸಾದ್ ಸರ್ ಚಡಪಡಿಸಿದರು. "ಅಲ್ಲೀ ತನಕ ಕಾದ್ರೆ ಉಳಿದ ಹನ್ನೊಂದು ತೋಟಕ್ಕೂ ಹರಡುತ್ತೆ. ನೀವು ಹಾರ್ಟಿಕಲ್ಚರ್ ಓದಿದೋರು ಲಿಖಿತಾ. ನೀವೇ ಹೇಳಿ."

"ಅವರ ಅಷ್ಟೂ ಗಿಡ ಕಿತ್ತು ಹೂಳೋದು ಒಳ್ಳೇದು ಸರ್."

ನಾನೇ ಹೇಳಿದೆ. ಯಾರೂ ಹೇಳಿಸಲಿಲ್ಲ.

ಫೆಬ್ರವರಿ 13

ಪ್ರೇಮಕ್ಕ ಜಗುಲಿಯ ಮೇಲೆ ಕೂತು ಪೂರ್ತಿ ಕೇಳಿಸಿಕೊಂಡರು.

"ಹೂವು ಬಂದೈತಲ್ಲ ಮೇಡಂ... ಔಷಧಿ ಏನೂ ಇಲ್ವಾ?"

"ಇಲ್ಲ ಪ್ರೇಮಕ್ಕ."

"ಕಿತ್ತರೆ ಆ ಹನ್ನೊಂದು ಮನೆಯೋರ ತೋಟ ಉಳಿಯುತ್ತಾ?"

"ಉಳಿಯುತ್ತೆ."

ಎದ್ದು ಸೆರಗು ಸಿಕ್ಕಿಸಿಕೊಂಡರು. ಆಮೇಲೆ ಗಂಡನ ಕಡೆ ತಿರುಗಿ, "ಹಂಗಾದ್ರೆ ಏಳ್ರಿ" ಎಂದರು.

ಪಪ್ಪಾಯದ ಬೇರು ಮೆದು. ಅಲ್ಲಾಡಿಸಿ ಎಳೆದರೆ ಬಂದುಬಿಡುತ್ತದೆ. ಅಷ್ಟು ಸುಲಭವಾಗಿ ಬರಬಾರದಿತ್ತು. ಮೂವರೂ ಕಿತ್ತೆವು. ಹಾಲು ಸೋರಿ ಕೈಯೆಲ್ಲ ತುರಿಕೆ. ಜೆಸಿಬಿಯವನು ಗುಂಡಿ ತೋಡಿ ಮುಚ್ಚಿ ಹೋದ. ಹೊರಡುವಾಗ ಪ್ರೇಮಕ್ಕ, "ಬರಿಗೈಲಿ ಹೋಗ್ಬೇಡ ಮಾರಾಯ್ತಿ" ಎಂದು ನುಗ್ಗೆಕಾಯಿ ಕೊಟ್ಟರು. ಮೊದಲ ಸಲ ಮೇಡಂ ಎನ್ನಲಿಲ್ಲ.

ಮಾರ್ಚ್ 10, ಸೋಮವಾರ

ಇಷ್ಟು ದಿನ ಬರೆಯುವ ಮನಸ್ಸಿರಲಿಲ್ಲ. ಹನ್ನೊಂದು ತೋಟಗಳೂ ಚೆನ್ನಾಗಿವೆ. ಪ್ರೇಮಕ್ಕನಿಂದ ಉಳಿದೆವು ಎಂದು ಎಲ್ಲರೂ ಗ್ರೂಪಿನಲ್ಲಿ ಬರೆಯುತ್ತಿದ್ದಾರೆ.

ಹದಿನೈದು ದಿನ ಎಂದಿದ್ದ ರಿಪೋರ್ಟ್ ತಿಂಗಳಾಗಿ ಇವತ್ತು ಬಂತು. ವೈರಸ್ ಇಲ್ಲ.

ಮೂರು ಸಲ ಓದಿದೆ. ಲ್ಯಾಬಿಗೆ ಫೋನ್ ಮಾಡಿದೆ. "ಕಳೆನಾಶಕ ತಾಗಿದ ಹಾಗಿದೆ ಮೇಡಂ. ನೋಡೋಕೆ ಎರಡೂ ಒಂದೇ ಥರ. ಹತ್ತಿರದಲ್ಲಿ ಯಾರಾದ್ರೂ ಹೊಡೆದಿದ್ರಾ? ಸ್ವಲ್ಪ ದಿನ ಬಿಟ್ಟರೆ ಹೊಸ ಎಲೆ ಬರುತ್ತೆ, ಗಾಬರಿ ಬೇಡ" ಎಂದರು.

ಗಾಬರಿ ಬೇಡವಂತೆ.

ಡ್ರೋನ್ ನಮ್ಮ ಸೊಸೈಟಿಯದೇ. ಡಿಸೆಂಬರಿನಲ್ಲಿ ಟೇಪು ಕತ್ತರಿಸಿ ಫೋಟೋ ತೆಗೆಸಿಕೊಂಡದ್ದು. ಲಾಗ್ ಬುಕ್ ತೆಗೆದೆ. ಫೆಬ್ರವರಿ 3, ಬೀರಪ್ಪ, ಮಧ್ಯಾಹ್ನ ಒಂದು ಗಂಟೆ. ಗಾಳಿಯ ವೇಗ ಬರೆಯುವ ಕಾಲಂ ಖಾಲಿ; ಗಾಳಿಯಿದ್ದರೆ ಔಷಧಿ ಪಕ್ಕದ ತೋಟಕ್ಕೂ ಹಾರುತ್ತದೆ. ಡ್ರೋನ್ ಹಾರಿಸುವ ಭೀಮೇಶನನ್ನು ಕೇಳಿದೆ.

"ಗಾಳಿ ಇತ್ತು ಮೇಡಂ. ಅವತ್ತು ಐದು ಬುಕಿಂಗ್ ಇತ್ತಲ್ಲ, ನಿಲ್ಲಿಸೋದು ಹೆಂಗೆ?"

ಕರಿಯಣ್ಣ ಹೇಳಿದ್ದರು. ಬಾಯಿಬಿಟ್ಟು ಹೇಳಿದ್ದರು.

ಮಾರ್ಚ್ 11

ಹರಿಪ್ರಸಾದ್ ಸರ್ ರಿಪೋರ್ಟ್ ಓದಿ ಡ್ರಾಯರಿಗೆ ಹಾಕಿದರು.

"ಇದು ಹೊರಗೆ ಹೋದ್ರೆ ಒಬ್ಬೊಬ್ಬರೇ ಬಿಟ್ಟು ಹೋಗ್ತಾರೆ. ಮತ್ತೆ ದಲ್ಲಾಳಿ ಕೈಗೇ ಬೀಳ್ತಾರೆ. ಮೂರು ವರ್ಷ ಕಟ್ಟಿದ್ದು ಲಿಖಿತಾ."

"ಪ್ರೇಮಕ್ಕನಿಗೆ?"

"ಸಸಿ ಫ್ರೀ ಕೊಡೋಣ. ಇಪ್ಪತ್ಮೂರಕ್ಕೆ ವಾರ್ಷಿಕ ಸಭೆ ಇದೆ, ಸನ್ಮಾನ ಮಾಡೋಣ. ಸಹಕಾರ ಅಂದ್ರೇನು ಅಂತ ತೋರಿಸಿದೋರು ಅವರು. ಸನ್ಮಾನ ಪತ್ರ ನೀವೇ ಬರೀರಿ."

ಅವರು ಕೆಟ್ಟವರಲ್ಲ. ಅದೇ ಕಷ್ಟ. ಅವರು ಹೇಳಿದ್ದರಲ್ಲಿ ಸುಳ್ಳೇನಿಲ್ಲ.

ಮಾರ್ಚ್ 15

ಸನ್ಮಾನ ಪತ್ರ. "ತಮ್ಮ ಬೆಳೆಯನ್ನೇ ತ್ಯಾಗ ಮಾಡಿ..." ಎರಡು ಸಾಲು ಬರೆದೆ. ಹರಿದೆ. ಮತ್ತೆ ಬರೆದೆ. ಅಮ್ಮ ಊಟಕ್ಕೆ ಕರೆದು ಕರೆದು ಸಾಕಾಗಿ ಮಲಗಿದರು.

ಮಾರ್ಚ್ 20, ಗುರುವಾರ

ಸನ್ಮಾನದ ಸುದ್ದಿ ಗ್ರೂಪಿನಲ್ಲಿ ಆಗಲೇ ಬಂದಿತ್ತು; ಆಹ್ವಾನ ಪತ್ರಿಕೆ ಕೊಡುವ ನೆಪದಲ್ಲಿ ಪ್ರೇಮಕ್ಕನ ಮನೆಗೆ ಹೋದೆ. ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡಿದ್ದೆ. ಬಾಯಿ ತೆರೆಯುವ ಮೊದಲೇ ಪ್ರೇಮಕ್ಕ ಕೈ ಹಿಡಿದು ಹಿತ್ತಲಿಗೆ ಕರೆದೊಯ್ದರು. ಸೌದೆ ರಾಶಿಯ ಹಿಂದೆ ಹಳೇ ಸೀರೆ ಕಟ್ಟಿದ ಮರೆ. ಸೀರೆ ಸರಿಸಿದರು.

ಒಂದು ಪಪ್ಪಾಯ ಗಿಡ. ಕೆಳಗೆ ಮುದುಡಿದ ಎಲೆ. ಮೇಲೆ ಅಂಗೈಯಗಲದ ಹಸಿರು ಎಲೆಗಳು. ಒಂದರಲ್ಲೂ ಕಲೆಯಿಲ್ಲ.

"ಬೈಬೇಡಿ ಮೇಡಂ. ಅವತ್ತು ಇದೊಂದನ್ನ ಹೂಳಾಕೆ ಮನಸು ಬರ್ಲಿಲ್ಲ, ಬೇರು ಸಮೇತ ತಂದು ನೆಟ್ಕೊಂಡೆ. ಎಲ್ಲ ಕಿತ್ತೆ ಅಂತ ಸುಳ್ಳು ಹೇಳ್ಬಿಟ್ಟೆ. ಇದರಿಂದ ಬೇರೆಯೋರಿಗೆ ಹರಡಿದ್ರೆ? ಈ ಸುಳ್ಳಿಟ್ಕೊಂಡು ಶಾಲು ಹೊದಿಸ್ಕೊಳಾಕೆ ನಂಗಾಗಲ್ಲ."

ಬಗ್ಗಿ ಬುಡಕ್ಕೆ ಕೈ ಹಾಕಿದರು.

"ಕೀಳಬೇಡಿ!" ಕಿರುಚಿಯೇ ಬಿಟ್ಟೆ. ಒಳಗಿದ್ದ ಕರಿಯಣ್ಣ ಓಡಿ ಬಂದರು.

ಹೇಳಿದೆ. ರಿಪೋರ್ಟು, ಡ್ರೋನು, ಗಾಳಿ, ನನ್ನ ಅವಸರ, ಡ್ರಾಯರು. ಎಲ್ಲ. ಕರಿಯಣ್ಣ ಬೈಯಲಿಲ್ಲ. ನಾನು ಹೇಳಿದ್ದೆನಲ್ಲ ಎಂದೂ ಅನ್ನಲಿಲ್ಲ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ತೋಟದ ಕಡೆ ನಡೆದರು. ಅಲ್ಲಿ ಏನಿದೆ ಈಗ.

ಪ್ರೇಮಕ್ಕ ಬುಡದಿಂದ ಕೈ ತೆಗೆದಿರಲಿಲ್ಲ.

"ಹಂಗಾದ್ರೆ... ನಾವು ಕಿತ್ತಿದ್ದರಿಂದ ಯಾರ ತೋಟಾನೂ ಉಳೀಲಿಲ್ವಾ?"

"ಇಲ್ಲ ಪ್ರೇಮಕ್ಕ."

"ಬಿಟ್ಟಿದ್ರೆ ಅಷ್ಟೂ ಇದರಂಗೇ ಚಿಗುರ್ತಿದ್ವಾ?"

ನನ್ನ ಮುಖವನ್ನೇ ನೋಡುತ್ತಿದ್ದರು. ಹೂಂ ಎನ್ನಬೇಕಿತ್ತು. ಒಂದು ಹೂಂ. ನಾನು ಅವರ ಪಕ್ಕ ಕೂತು, ಸಡಿಲಾದ ಬುಡಕ್ಕೆ ಮಣ್ಣು ಒತ್ತುತ್ತಾ, ಹೂಂ ಎಂದೆ.