ಅವ್ವನ ರವಿಕೆಗೆ ಒಂದು ರಿಪ್ಪರ್

ಗಂಡಸಿ
೪ ಮಾರ್ಚ್ ೨೦೨೫, ಮಂಗಳವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯೆ? ಮಂಡಿನೋವು ಕಡಿಮೆಯಾಯಿತೆ? ಸತೀಶ್ ಭಾವನಿಗೆ ಶುಗರ್ ಹತೋಟಿಯಲ್ಲಿದೆಯೆ? ಪೇಡ ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ, ಡಬ್ಬಿ ಮೇಲಿಡು. ನಿನ್ನ ಮಗಳು ಪಿಯುಸಿ ಪರೀಕ್ಷೆ ಚೆನ್ನಾಗಿ ಬರೆಯುತ್ತಿದ್ದಾಳೆ ತಾನೆ? ಫೋನಿರುವಾಗ ಕಾಗದ ಯಾಕೆ ಅಂತ ನಗಬೇಡ. ಪರೀಕ್ಷೆ ಮುಗಿಯುವವರೆಗೆ ನನ್ನ ಬಾಯಿಂದ ನಿನಗೆ ಏನೂ ಹೇಳಕೂಡದು ಅಂತ ಅವ್ವ ತನ್ನ ತಲೆಯ ಮೇಲೆ ನನ್ನ ಕೈ ಇಡಿಸಿ ಆಣೆ ಮಾಡಿಸಿಕೊಂಡಿದ್ದಾಳೆ. ಬಾಯಿ ಅಂದಳು, ಕಾಗದ ಅನ್ನಲಿಲ್ಲ.

ಹುಬ್ಬಳ್ಳಿಯಲ್ಲಿ ಹೊಲಿಗೆ ಬಿಚ್ಚುವ ಒಂದು ಒಳ್ಳೆಯ ರಿಪ್ಪರ್ ನೋಡು. ಅರಸೀಕೆರೆಯಲ್ಲಿ ಕೊಂಡದ್ದು ನಾಲ್ಕೇ ದಿನಕ್ಕೆ ಬಾಗಿತು. ಇಪ್ಪತ್ತು ವರ್ಷ ಅರ್ಧ ಬ್ಲೇಡಿನಲ್ಲೇ ಬಿಚ್ಚಿದ ಟೈಲರಿಗೆ ಈಗೇನು ಸೋಗು ಅನ್ನಬೇಡ. ಹೋದ ವಾರ ಬ್ಲೇಡು ಜಾರಿ ಅವ್ವನ ಹಸಿರು ರವಿಕೆ ಕಂಕುಳಲ್ಲಿ ಹರಿಯಿತು. ಒಗೆದು ಒಗೆದು ಬಟ್ಟೆ ಸವೆದಿದೆ, ದಾರವೇ ಗಟ್ಟಿ. ಹಿಡಿ ದಪ್ಪಗಿರಲಿ, ಬುಡ ಅಲ್ಲಾಡಬಾರದು. ಎರಡು ಮೊನೆಯಲ್ಲಿ ಗಿಡ್ಡನೆಯದಕ್ಕೆ ಕೆಂಪು ಮಣಿ ಇರಬೇಕು, ಅದಿದ್ದರೆ ಬಟ್ಟೆಗೆ ಚುಚ್ಚುವುದಿಲ್ಲ. ನಡುವಿನ ಬಾಗಿನಲ್ಲಿ ಹರಿತವಿದೆಯೋ ಇಲ್ಲವೋ ಅಂಗಡಿಯಲ್ಲೇ ಒಂದು ದಾರ ಕತ್ತರಿಸಿ ನೋಡು. ಅಂಗಡಿಯವನು ಗೊಣಗಿದರೆ ಗೊಣಗಲಿ.

ಗ್ಯಾಸ್ಟ್ರಿಕ್ ಅಂತ ನಿನಗೆ ಹೇಳಿದ್ದು ಸುಳ್ಳು ಅಕ್ಕಾ. ಅವ್ವನ ಹೊಟ್ಟೆಯಲ್ಲಿ ಗೆಡ್ಡೆ ಇದೆ. ಹಾಸನದ ಡಾಕ್ಟರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಅಂದು ತಿಂಗಳಾಯಿತು. ಮೈ ಇಳಿದಂತೆಲ್ಲ ದೀಪಾವಳಿಯಿಂದ ರವಿಕೆಗಳನ್ನು ನಾಲ್ಕು ಸಲ ಬಿಚ್ಚಿ ಚಿಕ್ಕದು ಮಾಡಿದ್ದೇನೆ. ನೈಟಿ ಹಾಕ್ಕೋ ಅಂದರೆ, “ನಾನೇನ್ ಬಾಣಂತಿಯೇನೇ?” ಅನ್ನುತ್ತಾಳೆ. ಪ್ರತಿ ಸಲವೂ ಒಂದೇ ಮಾತು: “ಕತ್ತರಿಸ್ಬ್ಯಾಡ ಕಣೇ, ಒಳಕ್ಕೆ ಮಡ್ಚಿ ಹೊಲಿ. ಮೈ ಬಂದ್ಮೇಲೆ ಬಿಚ್ಕೊಂಡ್ರಾಯ್ತು.” ಮಡಿಸಿ ಹೊಲಿಯುತ್ತೇನೆ. ಈಗ ಒಳಗಿನ ಬಟ್ಟೆಯೇ ಹೊರಗಿನದಕ್ಕಿಂತ ಜಾಸ್ತಿ. ಪಕ್ಕದ ಮನೆಯ ರುದ್ರಮ್ಮ ಬಂದು ಅತ್ತು ಹೋಗುತ್ತಾರೆ. ನನಗೆ ಅಳು ಬರುವುದಿಲ್ಲ. ಅವರಿಗೆ ಕಾಫಿ ಕೊಡುತ್ತೇನೆ, ಲೋಟ ತೊಳೆದಿಡುತ್ತೇನೆ, ಮಿಷನ್ನಿನ ಮುಂದೆ ಕೂರುತ್ತೇನೆ. ಮನಸ್ಸು ಜೋಮು ಹಿಡಿದ ಕಾಲಿನ ಹಾಗಾಗಿದೆ, ನನ್ನದೋ ಅಲ್ಲವೋ ತಿಳಿಯುವುದಿಲ್ಲ. ಇದನ್ನು ಬೇರೆ ಯಾರಿಗೂ ಹೇಳಿಲ್ಲ.

ಬರುವುದು ಬಿಡುವುದು ನಿನಗೆ ಬಿಟ್ಟದ್ದು. ನನಗೆ ಆಣೆಯ ಹೆದರಿಕೆ, ನಾನಾಗಿ ‘ಬಾ’ ಅಂತ ಬರೆಯುವುದಿಲ್ಲ.

ಭಾವನಿಗೆ ನಮಸ್ಕಾರ ತಿಳಿಸು. ಮಗಳ ನೆತ್ತಿ ಸವರಿ, ಚಿಕ್ಕಿ ಕೇಳಿದಳು ಅಂತ ಹೇಳು.

ನಿನ್ನ ತಂಗಿ,
ದಿವ್ಯಶ್ರೀ

ತಾ.ಕ.: ಕವರಿಗೆ ಅಂಟು ಹಚ್ಚುವಾಗ ಅವ್ವ ಕರೆದಳು. “ಒಳಗ್ಲ ಬಟ್ಟೆ ಮೂಳೆಗೆ ಒತ್ತುತೈತೆ, ಕತ್ತರಿಸ್ಬುಡು” ಅಂದಳು. ಕತ್ತರಿಸಿದೆ, ಎರಡು ಕಡೆಯೂ. ಇನ್ನು ಬಿಚ್ಚುವುದೇನಿಲ್ಲ, ರಿಪ್ಪರ್ ಬೇಡ ಅಕ್ಕಾ. ಪರೀಕ್ಷೆ ಮುಗಿಯಲಿ ಅಂತ ಕಾಯಬೇಡ, ಬಾ.